ಚೆಂಡು ಮುಟ್ಟಿದವರ ಪಾಲು

ಸೂರನ ಎಲ್ಲ ತೊಂದರೆಗೂ ಮೂಲ ಗೋಡೆಗೆ ಹೊಡೆದ ಒಂದು ಮೊಳೆ.

ಆ ಮೊಳೆಗೆ ಅವನ ಹೆಂಡತಿ ಜಲಜ ಒಂದು ಸರ್ಟಿಫಿಕೇಟು ತೂಗುಹಾಕಿದ್ದಳು. ಕುಂದಾಪುರದ ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಕೂತು ಸೂರ ಪಡೆದ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಅದು. ತಾನು ಪಾಸಾದದ್ದು ಯಾರದೋ ಕೈತಪ್ಪಿನಿಂದ, ಇವತ್ತಲ್ಲ ನಾಳೆ ಕಾಲೇಜಿನವರು ಬಂದು ವಾಪಸು ಕೇಳುತ್ತಾರೆ ಎಂಬ ಅಂಜಿಕೆಯಲ್ಲಿ ಸೂರ ಅದನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದ. ಜಲಜ ಬಿಡಬೇಕಲ್ಲ. ಕಟ್ಟು ಹಾಕಿಸಿ, ಚಾವಡಿಯಲ್ಲಿ ಚಾ ಕುಡಿಯುವವರ ಕಣ್ಣಿಗೆ ನೇರ ಬೀಳುವ ಹಾಗೆ ನೇತುಹಾಕಿದಳು.

ಆ ಭಾನುವಾರ ಬೆಳಿಗ್ಗೆ ಚಾ ಕುಡಿಯಲು ಬಂದವನು ಶೈಲೇಶ್. ಮುಂಬಯಿಯಲ್ಲಿ ಹದಿನೈದು ವರ್ಷ ಕ್ಯಾಂಟೀನ್ ನಡೆಸಿ ಮರವಂತೆಗೆ ವಾಪಸು ಬಂದು, ಬಂದ ವರ್ಷವೇ ಯುವಕ ಸಂಘದ ಅಧ್ಯಕ್ಷನಾದವನು. ಲೋಟ ಬಾಯಿಗಿಡುವ ಮೊದಲೇ ಅವನ ಕಣ್ಣು ಗೋಡೆಯ ಮೇಲೆ ಬಿತ್ತು.

"ಹ್ವಾಯ್ ಸೂರಣ್ಣ, ಇದೆಂತದ್? ಮ್ಯಾನೇಜ್‌ಮೆಂಟಾ?"

"ಹೌದ್... ಸಣ್ದೊಂದ್," ಎಂದ ಸೂರ, ಕಳ್ಳತನ ಒಪ್ಪಿಕೊಳ್ಳುವವನ ಹಾಗೆ.

"ಹಾಂಗಾರೆ ಫೈಸ್ಲಾ ನಿಮ್ದೇ! ಮ್ಯಾನೇಜ್‌ಮೆಂಟ್ ಕಲ್ತವ್ರ್ ಅಲ್ದೆ ಮ್ಯಾನೇಜರ್‌ನ ಮತ್ಯಾರ್ ಅಳೆಯೂದ್?"

ವಿಷಯ ಇಷ್ಟು. ಆ ವರ್ಷ ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಹತ್ತಿ ಕೂತಿದ್ದಾಗ ಟೀವಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ಬಂದಿತ್ತು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಮರುಳಾದವನು ಜಲಜಳ ಅಣ್ಣ ಮುತ್ತ. ಎರಡು ಕಡೆ ಬಲೆ ಕಟ್ಟಿ, ಅಷ್ಟೂ ಜನ ಸೇರಿ ಒಂದೇ ಒಂದು ಮೀನು ಹಾಕಲು ಒದ್ದಾಡುವ ಈ ಆಟ ಮೀನುಗಾರರಿಗಾಗಿಯೇ ಹುಟ್ಟಿದ್ದು ಎಂದು ಅವನಿಗೆ ಖಾತ್ರಿಯಾಯಿತು. ಸಂಘ ಒಂದು ತಂಡ ಕಟ್ಟಿ ಅವನನ್ನೇ ಮ್ಯಾನೇಜರ್ ಮಾಡಿತು. ಅವನು ಹಳೆಯ ಅಂಗಿಯೊಂದರ ಬೆನ್ನಿಗೆ ದೋಣಿಗೆ ಬಳಿಯುವ ಪೇಂಟಿನಲ್ಲಿ 'ಮ್ಯಾನೇಜರ್' ಎಂದು ಬರೆಸಿಕೊಂಡು, ಮದುವೆಗೂ ಅದನ್ನೇ ಹಾಕಿಕೊಂಡು ಹೋಗತೊಡಗಿದ.

ಮುಂದಿನ ಭಾನುವಾರ ಬಸ್ರೂರಿನಲ್ಲಿ ಪಂದ್ಯಾಟ. ಆಡುವವರು ಏಳು, ಬದಲಿ ಮೂರು, ಒಟ್ಟು ಹತ್ತು ಹೆಸರು ತುಂಬಿದ ಅರ್ಜಿ ಇವತ್ತು ಸಂಜೆ ಐದರೊಳಗೆ ಬಸ್ರೂರಿಗೆ ಮುಟ್ಟಬೇಕು. ಮುತ್ತ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ನಲವತ್ಮೂರು.

"ನಲವತ್ಮೂರ್, ಸೂರಣ್ಣ! ಇದ್ ಟೀಮಾ, ಮದಿ ದಿಬ್ಬಣವಾ? ಒಬ್ಬನ ಹೆಸ್ರೂ ಹೊಡ್ದ್ ಹಾಕುದಿಲ್ಲೆ ಅಂಬ್ರ್ ಅವ್ರ್. ನೀವ್ ಅವ್ರ್ ಮಾಡದ್ ತಪ್ಪ್ ಅಂದೇಳಿ ಒಂದ್ ಮಾತ್ ಬರ್ದ್ ಕೊಡಿ. ಮುತ್ತಣ್ಣನ ತೆಗ್ದ್ ನಾನೇ ಮ್ಯಾನೇಜರ್ ಆತೆ. ಬಾರ್ಕೂರಿಂದ ಐದ್ ಜನ, ಗಂಗೊಳ್ಳಿಯಿಂದ ಐದ್ ಜನ. ಏಕ್ ನಂಬರ್ ಟೀಮ್!"

"ನಮ್ಮೂರಿಂದ?"

"ನಮ್ಮೂರಿಂದ ಅಂಗಿ."

"ಮುತ್ತ ನನ್ ಭಾವ ಅಲ್ದಾ..." ಎಂದು ಸೂರ ಕೊನೆಯ ಹುಲ್ಲುಕಡ್ಡಿ ಹಿಡಿದ.

"ಈ ಊರಂಗೆ ಯಾರ್ ಯಾರಿಗ್ ಭಾವ ಅಲ್ಲ ಹೇಳಿ ಕಾಂಬ? ಮೂರೂವರಿಗೆ ಕಟ್ಟೆ ಹತ್ರ ಬನ್ನಿ. ಬಾಯಂಗ್ ಹೇಳುದ್ ಬೇಡ, ಬರ್ದೇ ತನ್ನಿ."

ಶೈಲೇಶ್ ಹೋದ ಮೇಲೆ ಸೂರ ಸರ್ಟಿಫಿಕೇಟನ್ನೇ ನೋಡುತ್ತ ಕೂತ. ಅದರ ಅರ್ಧ ಮುತ್ತನದು. ಮೂರು ವರ್ಷ ದಿನಾ ಸಂಜೆ ಸೂರನನ್ನು ತನ್ನ ಎಂ-ಎಯ್ಟಿ ಮೊಪೆಡ್ಡಿನಲ್ಲಿ ಮೀನಿನ ಪೆಟ್ಟಿಗೆಯ ಮುಂದೆ ಕೂರಿಸಿಕೊಂಡು ಕುಂದಾಪುರಕ್ಕೆ ಬಿಟ್ಟು, ಕ್ಲಾಸು ಮುಗಿಯುವವರೆಗೂ ಗೇಟಿನ ಹೊರಗೆ ಕಾದು ಕರೆತಂದವನು ಅವನು. ಸೂರನ ಅಂಗಿಗೆ ಹತ್ತಿದ ಬಂಗುಡೆಯ ವಾಸನೆಗೆ ಬೆಂಚಿನ ಉಳಿದವರೆಲ್ಲ ಎದ್ದು ಹೋಗಿ, ಮೂರು ವರ್ಷವೂ ಅವನಿಗೆ ಒಂದಿಡೀ ಬೆಂಚು ಸಿಕ್ಕಿತ್ತು. ಈಗ ಆ ಮುತ್ತನ ಬೆನ್ನ ಮೇಲಿನ 'ಮ್ಯಾನೇಜರ್' ಅಕ್ಷರವನ್ನು ತಾನೇ ಉಜ್ಜಿ ತೆಗೆಯಬೇಕೆ? ಹಾಗೆಂದು ಸುಳ್ಳು ಬರೆದರೆ ಕಲಿತ ವಿದ್ಯೆಗೆ ಮರ್ಯಾದೆ ಉಂಟೆ?

ಒಳಗಿನಿಂದ ಜಲಜಳ ದನಿ ಬಂತು. "ಹ್ವಾಯ್, ನಾ ಎಂತದೂ ಹೇಳುದಿಲ್ಲೆ. ನೀವ್ ನ್ಯಾಯ ಕಂಡೇ ಬರಿನಿ. ಮಧ್ಯಾಹ್ನಕ್ ಮೀನ್ ಸಾರಾ, ಬರೀ ಗಂಜಿಯಾ ಅಂಬ್ದ್ ನಾನೂ ನ್ಯಾಯ ಕಂಡೇ ತೀರ್ಮಾನ ಮಾಡ್ತೆ."

ಸೂರ ನೋಟ್‌ಬುಕ್ಕು ಹಿಡಿದು ಕಡಲ ಬದಿಗೆ ಹೋದ. ಪುಸ್ತಕದಲ್ಲಿ ಕಲಿತಂತೆ ಮೊದಲೇ ಯೋಜನೆ, ನೇಮಕಾತಿ, ನಿಯಂತ್ರಣ ಎಂದು ಮೂರು ತಲೆಬರಹ ಹಾಕಿಕೊಂಡಿದ್ದ. ಮರಳಿನ ಮೇಲೆ ಸುಮಾರು ಮೂವತ್ತು ಜನ ಒಂದು ಚೆಂಡಿನ ಹಿಂದೆ, ಮೀನಿನ ಬುಟ್ಟಿಯ ಹಿಂದೆ ಬಿದ್ದ ಕಾಗೆಗಳ ಹಾಗೆ ಓಡುತ್ತಿದ್ದರು. ಮುತ್ತ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಮಗುಚಿದ ದೋಣಿಯ ಮೇಲೆ ಕೂತಿದ್ದ.

"ಬನ್ನಿ ಭಾವಯ್ಯ. ಶೈಲೇಶ್ ಹೇಳಿದ. ನೀವಾದ್ರೆ ಲಾಯ್ಕ್ ಆಯ್ತ್."

ಆ ಮಾತಿನಲ್ಲಿ ಒಂದು ತೊಟ್ಟು ಕೊಂಕಿರಲಿಲ್ಲ. ಸೂರನಿಗೆ ಅದೇ ಹೆಚ್ಚು ಸಂಕಟವಾಯಿತು.

"ಭಾವ, ನೀವ್ ಈ ಜನರ ಯಾವ ಆಧಾರದ್ ಮೇಲ್ ಆರ್ಸಿದ್ದ್?"

"ಆರ್ಸುದೆಂತಕೆ? ಕೈರಂಪಣಿ ಬಲೆ ಎಳೂವತ್ತಿಗೆ ನಾವ್ ಆರ್ಸ್ತ್ವಾ? ದಡದಂಗೆ ಹಗ್ಗ ಮುಟ್ಟಿದವ್ನಿಗೆಲ್ಲ ಮೀನಂಗೆ ಪಾಲ್ ಇತ್ತ್. ಹಾಂಗೇ ಚೆಂಡ್ ಮುಟ್ಟಿದವನೆಲ್ಲ ಟೀಮಿನವ. ಮುಟ್ಟಿದ್ ಕೂಡ್ಲೆ ನಾ ಬರ್ಕಂತೆ." ಮುತ್ತ ಪುಸ್ತಕ ಬಿಡಿಸಿ ತೋರಿಸಿದ. ಪ್ರತಿ ಹೆಸರಿನ ಮುಂದೆ ಯಾವುದರಿಂದ ಮುಟ್ಟಿದ್ದು ಎಂಬುದೂ ಇತ್ತು: ಕಾಲು, ಕಾಲು, ತಲೆ, ಕಾಲು.

"ಹತ್ತೊಂಬತ್ತನೇದ್, ಶಾಮರಾಯ ಮಾಸ್ಟ್ರ್. ಕೊಡೆ ಅಂದೇಳಿ ಬರ್ದಿತ್ತಲೆ?"

"ದೇವಸ್ಥಾನಕ್ ಹೋಪ ಹೊತ್ತಿಗೆ ಚೆಂಡ್ ಅಡ್ಡ ಬಂತ್. ಕೊಡೆ ತುದಿಯಂಗೆ ಹೊಡ್ದ್ರ್. ಲಾಯ್ಕ್ ಹೊಡ್ದ್ರ್ ಮಾರಾಯ್ರೆ!"

"ಅವ್ರಿಗ್ ಎಪ್ಪತ್ತೊಂದ್ ವರ್ಷ, ಭಾವ."

"ಹಗ್ಗ ವಯಸ್ಸ್ ಕೇಳತ್ತಾ?"

ಅಷ್ಟರಲ್ಲಿ ಚೆಂಡು ಉರುಳುತ್ತ ಸೀದಾ ಸೂರನ ಕಡೆಗೇ ಬಂತು. ಮುತ್ತನ ಕೈ ಕಿವಿಯ ಪೆನ್ಸಿಲಿಗೆ ಹೋಯಿತು. ತೀರ್ಪು ಹೇಳುವವನೇ ಪಟ್ಟಿಯೊಳಗೆ ಸೇರುವುದೆಂದರೇನು! ಸೂರ ಪಂಚೆ ಎತ್ತಿಕೊಂಡು, ಕಾಲಬುಡಕ್ಕೆ ಏಡಿ ಬಂದವನ ಹಾಗೆ ಹಾರಿ ಪಕ್ಕಕ್ಕೆ ನಿಂತ. ಮುತ್ತ ನಿರಾಸೆಯಿಂದ ಪೆನ್ಸಿಲನ್ನು ಮತ್ತೆ ಸಿಕ್ಕಿಸಿಕೊಂಡ.

"ಪಾಲ್ ಹಂಚೂಕೂ ಒಂದ್ ಕ್ರಮ ಇತ್ತ್ ಭಾವಯ್ಯ," ಎಂದು ಅವನೇ ಮುಂದುವರಿಸಿದ. "ಕಡಿಗ್ ಹಗ್ಗ ಮುಟ್ಟಿದವನಿಂದ ಶುರು. ಮೊದ್ಲ್ ಬಂದವ್ನಿಗ್ ಸಿಕ್ಕತ್ತ್ ಅಂಬ ಧೈರ್ಯ ಇರತ್ತ್. ಕಡಿಗ್ ಬಂದವ್ನಿಗೇ ಅಲ್ದಾ ಹೆದ್ರಿಕೆ? ಇದೆಲ್ಲ ನಿಮ್ ಪುಸ್ತಕದಂಗೆ ಇಲ್ಯಾ?"

ಪುಸ್ತಕದಲ್ಲಿ ಇರಲಿಲ್ಲ. ಸೂರ 'ನೇಮಕಾತಿ'ಯ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಒಂದು ಚುಕ್ಕಿ ಇಟ್ಟ. ಪಟ್ಟಿಯನ್ನು ಮಾತ್ರ ಅಕ್ಷರ ಬಿಡದೆ ನಕಲು ಮಾಡಿಕೊಂಡ.

ಮನೆಗೆ ಹೊರಟವನಿಗೆ ದಾರಿಯಲ್ಲಿ ಮೀನು ಮಾರುವ ಬೆಳ್ಳಿಯಮ್ಮ ಸಿಕ್ಕಿ, ಬಾಳೆಲೆಯಲ್ಲಿ ಕಟ್ಟಿದ ನಾಲ್ಕು ಕಾಣೆ ಮೀನನ್ನು ಅವನ ಕೈಗೆ ತುರುಕಿದಳು. "ಲಂಚ ಅಲ್ಲ ಮಗಾ. ನನ್ ಮೊಮ್ಮಗಂದ್ ಹನ್ನೆರಡನೇ ನಂಬರ್ ಅಂಬುದೂ ನಾ ಹೇಳ್ತಿಲ್ಲೆ."

"ಬೇಡ ಬೆಳ್ಳಕ್ಕ, ಇವತ್ತ್ ಮಾತ್ರ ಬೇಡ," ಎಂದು ಸೂರ ಹಿಂದಕ್ಕೆ ಕೊಡಹೋದ. ಅವಳು ಬುಟ್ಟಿ ಹೊತ್ತು ಹೊರಟೇಬಿಟ್ಟಳು. ಕಟ್ಟನ್ನು ಅವಳ ಮನೆಯ ಜಗಲಿಯ ಮೇಲಾದರೂ ಇಟ್ಟು ಬರೋಣ ಎಂದು ಓಡಿದ. ಇಟ್ಟು ತಿರುಗುವುದರೊಳಗೆ ಬೆಕ್ಕೊಂದು ಕಟ್ಟನ್ನು ಎತ್ತಿಕೊಂಡು ಹೋಯಿತು. ಬೇಲಿಯಾಚೆಯಿಂದ ವನಜಕ್ಕ ಕೂಗಿ ಕೇಳಿದಳು: "ಹ್ವಾಯ್ ಸೂರಣ್ಣ, ಬೆಳ್ಳಕ್ಕ ಕೊಟ್ಟ್ ಕಾಣೆ ಎಂತ ಆಯ್ತ್?"

"ಬೆಕ್ಕ್ ತಿಂತ್!"

"ಹೌದಾ? ಎಲ್ರೂ ಹಾಂಗೇ ಹೇಳುದ್."

ಹೆದ್ದಾರಿಯ ಹತ್ತಿರ ಶಾಮರಾಯ ಮಾಸ್ತರರು ಕೊಡೆ ಅಡ್ಡ ಹಿಡಿದು ನಿಲ್ಲಿಸಿದರು. "ಸೂರಾ, ನ್ಯಾಯ ಅಂತ ಬರೀಲಿಕ್ಕೆ ನಿನಗೆ ಕಲಿಸಿದ್ದು ಯಾರು?"

"ನೀವೇ ಸರ್."

"ಹತ್ತೊಂಬತ್ತು ಅಂತ ಬರೀಲಿಕ್ಕೆ?"

"ಅದೂ ನೀವೇ ಸರ್."

"ಎರಡೂ ನೆನಪಿದ್ದರೆ ಸಾಕು," ಎಂದು ಅವರು ಕೊಡೆ ಬಿಚ್ಚಿಕೊಂಡು ನಡೆದರು.

ಮಧ್ಯಾಹ್ನ ತಟ್ಟೆಯಲ್ಲಿ ಗಂಜಿ ಇತ್ತು. ಪಕ್ಕದಲ್ಲಿ ಒಂದು ಒಣಮೀನು. ಇನ್ನೂ ತೀರ್ಪು ಬಂದಿಲ್ಲವಾದ್ದರಿಂದ ಅಲ್ಲಿಗಲ್ಲಿಗೆ ಸಮ ಎಂದು ಜಲಜ ವಿವರಿಸಿದಳು. ಸೂರ ಉಂಡ ಕೈ ಒಣಗುವವರೆಗೂ ಪಟ್ಟಿ ನೋಡುತ್ತ ಕೂತ. ಮಂಡೆ ಬಿಸಿಯಾಗಿ ದೋಸೆ ಹೊಯ್ಯುವ ಹಾಗಿತ್ತು. ಕಟ್ಟಕಡೆಗೆ ಅವನ ಬೆರಳು ಮೂವತ್ನಾಲ್ಕನೇ ಹೆಸರಿನ ಮೇಲೆ ನಿಂತಿತು.

ಅದು ಅಕ್ಷಯ್. ದೋಣಿಯ ಹುಟ್ಟಿನಷ್ಟು ಉದ್ದ ಕೈಯ ಹುಡುಗ, ಇಡೀ ಪಟ್ಟಿಗೆ ಒಬ್ಬನೇ ಗೋಲ್‌ಕೀಪರ್. ಅವನಿಂದ ಕೆಳಗೆ ನಲವತ್ಮೂರರವರೆಗೆ ಇದ್ದವರೆಲ್ಲ ಚೌತಿಗೆಂದು ಮುಂಬಯಿಯಿಂದ ಬಂದು ತಡವಾಗಿ ತಂಡ ಸೇರಿದ ಗಟ್ಟಿ ತರುಣರು. ಸೂರ ಎಣಿಸಿದ. ಹತ್ತು. ನಂಬಿಕೆ ಸಾಲದೆ ಇನ್ನೆರಡು ಸಲ ಎಣಿಸಿದ. ಹತ್ತೇ. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಸರ್ಟಿಫಿಕೇಟಿನ ಮೇಲೆ ವಿಶ್ವಾಸ ಮೂಡಿತು.

ಮೂರೂವರೆಗೆ ಸಂಘದ ಕಟ್ಟೆಯ ಹತ್ತಿರ ಊರೇ ನೆರೆದಿತ್ತು. ಆಡುತ್ತಿದ್ದ ಹುಡುಗರು ಚೆಂಡಿನ ಸಮೇತ ಬಂದು ಮೇಜಿನ ಸುತ್ತ ಕೂತಿದ್ದರು, ಜಲಜಳೂ ಹೆಂಗಸರ ನಡುವೆ ನಿಂತಿದ್ದಳು. ಸೂರ ಎದ್ದು ಓದತೊಡಗಿದ.

"ಒಂದು. ಚೆಂಡು ಮುಟ್ಟಿದವರೆಲ್ಲ ತಂಡದವರೇ ಎಂಬ ಮ್ಯಾನೇಜರರ ಕ್ರಮ ಸರಿಯಾಗಿದೆ. ಹೊರಗಿನವರನ್ನು ತರಿಸತಕ್ಕದ್ದಲ್ಲ. ಮುತ್ತ ಅವರೇ ಮ್ಯಾನೇಜರ್ ಆಗಿ ಮುಂದುವರಿಯತಕ್ಕದ್ದು."

ಸಿಳ್ಳೆ ಬಿತ್ತು. ಮುತ್ತ ಕಣ್ಣಿಗೆ ಮರಳು ಬಿದ್ದವನಂತೆ ಮುಖ ಒರೆಸಿಕೊಂಡ. ಶೈಲೇಶ್ ಬಾಯಿ ತೆರೆದ. ಅಷ್ಟರಲ್ಲಿ ಕಡಲ ಗಾಳಿಯೊಂದು ರೊಯ್ಯನೆ ಬಂದು, ಮೇಜಿನ ಮೇಲಿದ್ದ ಎರಡನೇ ಹಾಳೆಯನ್ನೂ ಬಸ್ರೂರಿನ ಅರ್ಜಿಯನ್ನೂ ಎಬ್ಬಿಸಿತು. ಅರ್ಜಿ ಹಾರಿಹೋದರೆ ಎಲ್ಲವೂ ಮುಗಿದ ಹಾಗೆ! ಸೂರ ಗಾಬರಿಯಿಂದ ಆಚೀಚೆ ನೋಡಿ, ಕಾಲಬುಡದಲ್ಲಿ ಸಿಕ್ಕಿದ್ದನ್ನು ಎರಡೂ ಕೈಯಲ್ಲಿ ಎತ್ತಿ ಕಾಗದದ ಮೇಲೆ ಭಾರಕ್ಕೆ ಇಟ್ಟು, ಅಂಚಿನಿಂದ ಹಾಳೆಯನ್ನು ಎಳೆದುಕೊಂಡು ಓದು ಮುಂದುವರಿಸಿದ.

"ಎರಡು. ರಂಪಣಿಯ ಪಾಲು ಕೊನೆಗೆ ಮುಟ್ಟಿದವನಿಂದ ಆರಂಭವಾಗುವಂತೆ, ಪಟ್ಟಿಯ ಕೊನೆಯ ಹತ್ತು ಮಂದಿ ಬಸ್ರೂರಿಗೆ ಹೋಗತಕ್ಕದ್ದು. ಮುಂದಿನ ಪಂದ್ಯಕ್ಕೆ ಅವರ ಮೇಲಿನ ಹತ್ತು, ಆಮೇಲೆ ಅದರ ಮೇಲಿನ ಹತ್ತು. ಹೀಗೆ ಎಲ್ಲರಿಗೂ ಪಾಲು."

ಬೆಳ್ಳಿಯಮ್ಮ ಬೆರಳು ಮಡಚಿ ಮೊಮ್ಮಗನ ಸರದಿ ಲೆಕ್ಕಹಾಕಿ ನಕ್ಕಳು. ಮಾಸ್ತರರು ಕೊಡೆಯಿಂದ ನೆಲ ಕುಟ್ಟಿ ಮೆಚ್ಚಿದರು. ಶೈಲೇಶನಿಗೂ ಕೊನೆಯ ಹತ್ತು ಜನ ಯಾರೆಂದು ಹೊಳೆದು, "ಅರೆ ವಾಹ್!" ಎಂದ.

"ಮೂರು. ಈ ತೀರ್ಪಿಗೆ ವಿನಾಯಿತಿ ಇಲ್ಲ. ಯಾರು ಬಂದು ಕೇಳಿಕೊಂಡರೂ ಬದಲಿಸತಕ್ಕದ್ದಲ್ಲ. ಬರೆದವನೇ ಕೇಳಿಕೊಂಡರೂ ಸಹ." ಇದನ್ನು ಸೂರ ತನ್ನ ಮೇಲೆ ತನಗೇ ನಂಬಿಕೆ ಇಲ್ಲದ್ದರಿಂದ ಸೇರಿಸಿದ್ದ.

ಚಪ್ಪಾಳೆಯೋ ಚಪ್ಪಾಳೆ. ಶೈಲೇಶ್ ಪೆನ್ನು ಬಿಚ್ಚಿ ಅರ್ಜಿಗೆ ಕೈ ಹಾಕಿದ. "ಹೇಳಿ ಮುತ್ತಣ್ಣ, ಕಡಿಯಿಂದ ಹೇಳಿ."

ಮುತ್ತ ಪೆನ್ಸಿಲಿನಿಂದ ಪುಸ್ತಕದಲ್ಲಿ ಏನನ್ನೋ ಬರೆದು ಮುಗಿಸಿ, ಕೆಮ್ಮಿ, ಓದಿದ. "ನಲವತ್ನಾಲ್ಕ್. ಸೂರ. ಎರಡೂ ಕೈ."

ಸೂರ ನಿಧಾನವಾಗಿ ತಿರುಗಿ ಮೇಜಿನ ಮೇಲೆ ನೋಡಿದ. ಕಾಗದದ ಮೇಲೆ ಭಾರಕ್ಕೆ ಕೂತಿದ್ದದ್ದು ಚೆಂಡು.

"ಭಾವ! ಅದ್ ಗಾಳಿಗೆ... ಕಾಗ್ದ ಹಾರತ್ತ್ ಅಂದೇಳಿ..."

"ನಂಗ್ ಗೊತ್ತಿತ್ತ್ ಭಾವಯ್ಯ. ಆರೆ ಊರೇ ಕಂಡಿತ್ತಲೆ, ನಾ ಎಂತ ಮಾಡುದ್?" ಮುತ್ತನ ಮುಖದಲ್ಲಿ ನಿಜವಾದ ಮರುಕವಿತ್ತು. ಅವನು ಮುಂದೆ ಓದಿದ. ನಲವತ್ಮೂರು, ನಲವತ್ತೆರಡು... ಮೂವತ್ತೈದಕ್ಕೆ ಹತ್ತು ಭರ್ತಿಯಾಯಿತು.

"ಅಕ್ಷಯ್?" ಎಂದ ಸೂರ, ಮುಳುಗುವವನ ದನಿಯಲ್ಲಿ.

"ಮೂವತ್ನಾಲ್ಕ್ ಅಲ್ದಾ? ಹನ್ನೊಂದನೆಯವ ಆದ. ಮುಂದಿನ ಸಲ."

"ಗೋಲ್‌ಕೀಪರ್ ಯಾರ್ ಹಾಂಗಾರೆ?" ಎಂದು ಯಾರೋ ಕೂಗಿದರು.

ಮುತ್ತ ಪುಸ್ತಕದ ಮೇಲೆ ಬೆರಳಾಡಿಸಿದ. ಕಾಲು, ಕಾಲು, ತಲೆ, ಕಾಲು, ಕಾಲು... "ಈ ಹತ್ತ್ ಜನರಂಗೆ ಕೈಯಂಗ್ ಮುಟ್ಟಿದವ್ರ್ ನೀವೊಬ್ರೇ, ಭಾವಯ್ಯ."

"ನಂಗ್ ಬಪ್ಪುದಿಲ್ಲೆ! ನಾ ಇದ್ರಂಗೆ ಇಲ್ಲೆ! ನನ್ ಹೆಸ್ರ್ ಹೊಡ್ದ್ ಹಾಕಿ!"

ಶಾಮರಾಯ ಮಾಸ್ತರರು ಕೊಡೆ ಎತ್ತಿದರು. "ಮೂರನೇದು ಓದು, ಸೂರಾ."

ಸೂರ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ, ಊರಿಗೆ ಊರೇ ಬಾಯಿಪಾಠದಂತೆ ಹೇಳಿತು: "ಬರೆದವನೇ ಕೇಳಿಕೊಂಡರೂ ಸಹ!" ಶೈಲೇಶ್ ಅರ್ಜಿಯ ಮೊದಲ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ 'ಸೂರ, ಗೋಲ್‌ಕೀಪರ್' ಎಂದು ಬರೆದು, ಅದನ್ನು ಜೇಬಿಗೆ ಸೇರಿಸಿ, ಬೈಕು ಹತ್ತಿ ಬಸ್ರೂರಿನ ದಿಕ್ಕಿಗೆ ಹೊಗೆಯಾದ.

ಆ ಸಂಜೆ ಮನೆಯಲ್ಲಿ ಕಾಣೆ ಮೀನಿನ ಫ್ರೈ, ಬಂಗುಡೆ ಸಾರು. ಸೂರ ಬರೀ ಮುಳ್ಳು ಬಿಡಿಸುತ್ತ ಕೂತ. ಹೊರಗೆ ಎಂ-ಎಯ್ಟಿಯ ಸದ್ದಾಯಿತು. ಮುತ್ತ ಇಳಿಯದೆಯೇ ಕೂಗಿದ:

"ಭಾವಯ್ಯ, ನಾಳಿ ಬೆಳಿಗ್ಗೆ ಆರ್ ಗಂಟಿಗ್ ಬತ್ತೆ, ತಯಾರ್ ಇರಿ. ಮಂಡೆಬಿಸಿ ಬೇಡ. ನೀವ್ ಕಲ್ತ್ ಮುಗ್ಸು ತನಕ ನಾ ಕಾಯ್ತೆ. ಮೂರ್ ವರ್ಷ ಕಾದವ ಒಂದ್ ವಾರ ಕಾಯುದಿಲ್ಯಾ?"

ಸೂರ ಏನೋ ಹೇಳಲು ಬಾಯಿ ತೆರೆದ. ಅದು ಕೇಳಿಸದಷ್ಟು ಜೋರಾಗಿ ಚಾವಡಿಯಲ್ಲಿ ಟಣ್ ಟಣ್ ಎಂದು ಸದ್ದು. ಸರ್ಟಿಫಿಕೇಟಿನ ಪಕ್ಕ ಜಲಜ ಬಸ್ರೂರಿನ ಪದಕಕ್ಕೆಂದು ಈಗಲೇ ಇನ್ನೊಂದು ಮೊಳೆ ಹೊಡೆಯುತ್ತಿದ್ದಳು.