ರಾಮದಾಸ ಮಾಸ್ತರರ ಹೊಸ ಹಳೆಯ ಟೇಬಲು

ವಲೇರಿಯನ್ನನ ಮಾತು ಕೇಳಿ ಹೊಸ ಟೇಬಲಿಗೆ ಚಹಾದ ಕಡು ನೀರು ಬಳಿದದ್ದೇ ರಾಮದಾಸ ಮಾಸ್ತರರ ಕಷ್ಟಕ್ಕೆಲ್ಲ ಮೂಲವಾಯಿತು.

ಕುಂಜಿಬೆಟ್ಟಿನ ಆ ಮನೆಯಲ್ಲಿ ಮಾಸ್ತರರ ಕೈಗೆ ಒಳ್ಳೆಯ ಹೆಸರಿರಲಿಲ್ಲ. ಅವರು ಗೋಡೆಗೆ ಮೊಳೆ ಹೊಡೆಯಲು ಹೊರಟರೆ ಹೆಂಡತಿ ಸಂಹಿತಾ ಮೊದಲು ಹತ್ತಿ, ಬ್ಯಾಂಡೇಜು ತಂದಿಡುತ್ತಿದ್ದಳು. ಇಂಥವರಿಗೆ ಅಮ್ಮನ ಟೇಬಲಿನಂಥದ್ದೇ ಇನ್ನೊಂದನ್ನು ಮಾಡುವ ಹಟ ಹುಟ್ಟಿತು. ಬ್ರಿಟಿಷರ ಕಾಲದ ಆ ಪುಟ್ಟ ಮೂಲೆ ಟೇಬಲು ಅಮ್ಮ ಹೋದ ಮೇಲೆ ಬೆಳ್ಮಣ್ಣಿನ ಅಕ್ಕ ಸುಭಾಷಿಣಿಯ ಪಾಲಾಗಿತ್ತು. ಮಾಸ್ತರರು ಅಲ್ಲಿಗೆ ಹೋದಾಗ ಸದ್ದಿಲ್ಲದೆ ಅಳತೆ ತೆಗೆದರು. ಹಲಸಿನ ಹಲಗೆ ತಂದು, 'ಕಪಾಟು ರಿಪೇರಿ' ಎಂದು ಹೆಂಡತಿಗೆ ಹೇಳಿ, ಶೆಡ್ಡಿನ ಬಾಗಿಲು ಹಾಕಿಕೊಂಡು ಐದು ತಿಂಗಳು ಉಳಿ ಹಿಡಿದರು. ಗೆರೆ ಕೊರೆದ ನಾಲ್ಕು ಕಾಲು, ಸಲೀಸಾಗಿ ಜಾರುವ ಡ್ರಾವರು, ಎಲ್ಲ ಕೈಯಲ್ಲೇ ಆಯಿತು. ಜನ್ಮದಲ್ಲಿ ಒಮ್ಮೆ ಮನೆಯವರು ಭೇಷ್ ಅನ್ನಬೇಕು, ಅಷ್ಟೇ ಅವರ ಆಸೆ.

ಶೆಡ್ಡಿಗೆ ಇಣುಕಿದವನು ಪಕ್ಕದ ಮನೆಯ ವಲೇರಿಯನ್ ಒಬ್ಬನೇ. "ಎಂತ ಮಾಸ್ಟ್ರೇ, ಬ್ರಿಟಿಷರ ಕಾಲದ್ದು ಅಂತೀರಿ, ನಿನ್ನೆಯ ದೋಸೆಯಷ್ಟೂ ಹಳತು ಕಾಣುದಿಲ್ಲ! ಚಹಾದ ನೀರು ಬಳಿಯಿರಿ, ಸೈಕಲ್ ಚೈನಿನಲ್ಲಿ ನಾಲ್ಕು ಬಾರಿಸಿ. ಅರ್ಧ ಗಂಟೆಯಲ್ಲಿ ನೂರು ವರ್ಷ ಬರ್ತದೆ."

ಬಂತು, ಮೇಲೆಲ್ಲ ಚೈನಿನ ಗೆರೆಗಳೂ ಬಂದವು. ಭಾನುವಾರ ಬೆಳಿಗ್ಗೆ ಟೇಬಲನ್ನು ಚಾವಡಿಯಲ್ಲಿಟ್ಟು ಮಾಸ್ತರರು ಹೆಂಡತಿಯನ್ನು ಕರೆಯುವಷ್ಟರಲ್ಲಿ ಸುಭಾಷಿಣಿ ಅಕ್ಕನೂ ಬಂದಿಳಿದಳು. ಮಣಿಪಾಲದ ಮಗಳ ಮನೆಯಲ್ಲಿ ಹತ್ತು ದಿನವಿದ್ದು ಊರಿಗೆ ಹೊರಟಿದ್ದಳು.

"ಇದು ಅಮ್ಮನ ಟೇಬಲ್ ಅಲ್ವಾ? ಇಲ್ಲಿಗೆ ಹೇಗೆ ಬಂತು?"

ಮಾಸ್ತರರ ಎದೆ ಉಬ್ಬಿತು. "ನಾನು ಮಾಡಿದ್ದು ಅಕ್ಕ!"

ಅಕ್ಕ ಸಂಹಿತಾಳ ಮುಖ ನೋಡಿದಳು. ಇಬ್ಬರೂ ನಕ್ಕರು. ಆಮೇಲೆ ಅಕ್ಕ ನಗು ನಿಲ್ಲಿಸಿ ಬೆಳ್ಮಣ್ಣಿಗೆ ಫೋನು ಮಾಡಿದಳು. ಎತ್ತಿದವಳು ಕೆಲಸದ ಅಪ್ಪಿ.

"ಟೇಬಲಾ ಅಮ್ಮ? ಅದು ಇಲ್ಲ, ಒಂದು ವಾರ ಆಯ್ತು. ನೀವೇ ಹೇಳಿ ತರಿಸಿಕೊಂಡದ್ದು ಅಂತ ಗ್ರಹಿಸಿದೆ. ಯಜಮಾನರು ಕಾರ್ಕಳಕ್ಕೆ ಹೋಗಿದ್ದಾರೆ."

ಮಾಸ್ತರರಿಗೆ ತಲೆಬುಡ ತಿಳಿಯಲಿಲ್ಲ. ನಿದ್ದೆಗಣ್ಣಿನಲ್ಲಿ ತಾನೇ ಎತ್ತಿ ತಂದೆನೋ ಎಂದು ತಮ್ಮ ಮೇಲೇ ಸಂಶಯ ಬಂತು. ಓಡಿಹೋಗಿ ಅಳತೆಯ ಚೀಟಿ ತಂದು ತೋರಿಸಿದರು.

"ನೋಡು ಸಂಹಿತಾ, ಕದಿಯುವ ಮೊದಲು ರಿಕ್ಷಾದಲ್ಲಿ ಹಿಡಿಯುತ್ತದಾ ಅಂತ ಅಳತೆ ಬೇರೆ ತೆಗೆದಿದ್ದಾನೆ!"

"ಐದು ತಿಂಗಳು ಕಪಾಟು ರಿಪೇರಿ ಅಂದಿರಲ್ಲ?" ಎಂದು ಸಂಹಿತಾಳೂ ಸೇರಿಕೊಂಡಳು.

ಸಾಕ್ಷಿಗೆ ವಲೇರಿಯನ್ನನನ್ನು ಕರೆಸಿದರೆ ಅವನು ಅಕ್ಕನ ಕೆಂಪು ಕಣ್ಣು ಕಂಡು ತಡವರಿಸಿದ. "ಅಕ್ಕ, ನಾನು ನೋಡುವಾಗಲೇ ಅದು ಟೇಬಲ್ ಆಗಿತ್ತು. ಮಾಡುದನ್ನು ನಾನು ನೋಡ್ಲಿಲ್ಲ, ದೇವರಾಣೆ." ಹೀಗೆಂದವನೇ ಬೇಲಿ ಹಾರಿ ಮನೆ ಸೇರಿದ.

ಟೇಬಲು ಗೂಡ್ಸ್ ಟೆಂಪೋ ಹತ್ತಿತು. ಐದು ತಿಂಗಳ ಬೆವರು ಬೆಳ್ಮಣ್ಣಿನ ದಾರಿ ಹಿಡಿಯುವುದನ್ನು ನೋಡಿ ಮಾಸ್ತರರಿಗೆ ಅಳು ಬಂತು.

ಸಂಜೆ ಅದೇ ಟೆಂಪೋದಲ್ಲಿ ಅಕ್ಕನ ಗಂಡ ಗುರುಪ್ರಸಾದ್ ಭಾವ ಬಂದರು. ಜೊತೆಗೊಂದು ಫಳಫಳ ಹೊಳೆಯುವ ಟೇಬಲು. ಭಾವ ಮಾಸ್ತರರನ್ನು ಗೇಟಿನ ಬದಿಗೆ ಎಳೆದರು.

"ಇದೇ ಅಮ್ಮನದ್ದು ಮಾರಾಯ. ನಿನ್ನ ಅಕ್ಕ ಇಲ್ಲದಾಗ ಗುಟ್ಟಿನಲ್ಲಿ ಕಾರ್ಕಳಕ್ಕೆ ಪಾಲಿಶಿಗೆ ಕೊಟ್ಟಿದ್ದೆ. ಇವತ್ತು ತಂದು ನೋಡಿದರೆ ಮನೆಯಲ್ಲಿ ಇನ್ನೊಂದು ಉಂಟು! ಅವಳು ನಿನ್ನ ಟೇಬಲಿನ ಮೇಲೆ ಕೈಯಾಡಿಸಿ, 'ಇವು ಅಮ್ಮನ ಬಳೆ ತಾಗಿದ ಗೆರೆಗಳು' ಅಂತ ಅಳ್ತಾ ಇದ್ದಾಳೆ. ನಿಜವಾದ ಗೆರೆಗಳನ್ನು ನಾನು ಕೆರೆಸಿ ಹಾಕಿದ್ದೇನೆ ಅಂತ ಹೇಗೆ ಹೇಳುದು?"

"ಮತ್ತೆ ಎಂತ ಹೇಳಿದಿರಿ ಭಾವ?"

"ಮಾದರಿಗೆ ಬೇಕು ಅಂತ ನೀನು ಕೇಳಿದ್ದೆ, ಅಮ್ಮನ ಟೇಬಲನ್ನು ನಾನೇ ಕೊಟ್ಟಿದ್ದೆ ಅಂದೆ. ನೀನು ಮಾಡಿದ್ದು ಈ ಹೊಳೆಯುವುದು, ಕಾರ್ಕಳದಲ್ಲಿ ಪಾಲಿಶಿಗಿತ್ತು, ನಾನು ತಂದೆ ಅಂದೆ. ಬೆಳಿಗ್ಗೆ ನೀನು 'ನಾನು ಮಾಡಿದ್ದು' ಅಂದದ್ದು ತಮಾಷೆಗೆ ಅಂತಲೂ ಸೇರಿಸಿದೆ. ಕಳ್ಳ ಅನ್ನುವ ಹೆಸರು ಹೋಯಿತಲ್ಲ! ದಮ್ಮಯ್ಯ, ಬಾಯಿ ಬಿಡಬೇಡ."

ಅಮ್ಮನ ಟೇಬಲು ತನ್ನ ಮನೆಗೆ ಬಂದದ್ದಕ್ಕೆ ನಗಬೇಕೋ, ತನ್ನದು ಹೋದದ್ದಕ್ಕೆ ಅಳಬೇಕೋ ಮಾಸ್ತರರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ರಾಮದಾಸ, ಬೆಳಿಗ್ಗೆ ಕಳ್ಳ ಅಂದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನೀನು ಮಾಡಿದ್ದನ್ನು ನೋಡಿದೆ, ಪರವಾಗಿಲ್ಲ. ಆದರೆ ಬೇಸರ ಮಾಡಬೇಡ ತಮ್ಮಾ, ಅಮ್ಮನ ಟೇಬಲಿನ ಲಕ್ಷಣ ಅದಕ್ಕೆ ಬರಲಿಲ್ಲ. ಒಂದು ಕೆಲಸ ಮಾಡು. ಬರುವ ಭಾನುವಾರ ಬಾ, ಇಲ್ಲಿರುವುದನ್ನು ಸರಿಯಾಗಿ ನೋಡಿ ಕಲಿತುಕೊಂಡು ಹೋಗು."