ಹದಿನಾರನೆಯ ಸುಳಿವು

ಸಿಂದಗಿಯಲ್ಲಿ ನನ್ನಂತೆಯೇ ಬಸಂತರಾಯ ಎಂಬ ಹೆಸರಿನವರು ನಾಲ್ಕೈದು ಜನರಿದ್ದಾರೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ‘ಪದಬಂಧದ ಮಾಸ್ತರ ಮನಿ ಎಲ್ಲೈತ್ರಿ?’ ಎಂದು ಕೇಳಿದರೆ ಯಾರಾದರೂ ನಿಮ್ಮನ್ನು ನೇರವಾಗಿ ನನ್ನ ಕಟ್ಟೆಗೆ ತಂದು ಕೂಡಿಸುತ್ತಿದ್ದರು. ‘ಕೂಡಿಸುತ್ತಿದ್ದರು’ ಎಂದು ಬರೆಯುವಾಗ ನನ್ನ ಕೈ ತುಸು ತಡೆಯುತ್ತದೆ. ಹನ್ನೊಂದು ವರ್ಷ ಬೆಳೆಸಿದ ಕೀರ್ತಿ ಕಳೆದ ಭಾನುವಾರ ಸಂಜೆ ಐದೂಕಾಲಿಗೆ ಹೋಯಿತು. ಹೇಗೆ ಹೋಯಿತೆಂದು ನಾನೇ ಹೇಳಿಬಿಡುವುದು ಒಳ್ಳೆಯದು. ನಬಿಸಾಬ ಹೇಳಿದರೆ ಇನ್ನೂ ಉದ್ದವಾಗುತ್ತದೆ.

ಭಾನುವಾರದ ಪೇಪರಿನಲ್ಲಿ ಒಂದು ಪದಬಂಧ ಬರುತ್ತದೆ. ಸಾದಾ ಪದಬಂಧವಲ್ಲ, ಸುಳಿವೆಲ್ಲ ಒಗಟು. ‘ತಿರುಗಿ ಕುಳಿತ ಮಂಗ ಇಂಪಾಗಿ ಹಾಡಿತು’ ಎಂದಿರುತ್ತದೆ, ಎದುರಿಗೆ ಎರಡು ಖಾಲಿ ಮನೆ. ಊಟ ಮುಗಿಸಿದ ಟೇಲರ್ ನಬಿಸಾಬ, ರಜೆಯ ಮೇಲಿರುವ ಕಂಡಕ್ಟರ್ ಸೋಮನಿಂಗ, ಇನ್ನೂ ನಾಲ್ಕು ಮಂದಿ ತಮ್ಮ ತಮ್ಮ ಪೇಪರ್ ಹಿಡಿದು ನನ್ನ ಕಟ್ಟೆಗೆ ಬರುತ್ತಿದ್ದರು. ನಾನು ಕೆಮ್ಮಿ, ಚಾಳೀಸು ಮೂಗಿಗೇರಿಸಿ ಶುರು ಮಾಡುತ್ತಿದ್ದೆ.

“ಮಂಗ ಅಂದ್ರೇನು? ಕಪಿ. ಕಪಿ ತಿರುಗಿ ಕೂತರ ಏನಾತು? ಪಿಕ. ಪಿಕ ಅಂದ್ರ ಕೋಗಿಲಿ. ಹಾಡ್ತೈತಿಲ್ಲೊ?”

“ಏನ್ ತಲೀರಿ ಮಾಸ್ತರ್ರ ನಿಮ್ದು,” ಎಂದು ನಬಿಸಾಬ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಳ್ಳುತ್ತಿದ್ದ.

ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಆ ತಲೆ ನನ್ನದಲ್ಲ. ಅದು ಅಡುಗೆಮನೆಯಲ್ಲಿ, ನನ್ನ ಧರ್ಮಪತ್ನಿ ಬಾಳಮ್ಮನ ಹೆಗಲ ಮೇಲಿತ್ತು. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ನಾನು ಹೊಸ್ತಿಲ ಮೇಲೆ ಕೂತು ಸುಳಿವು ಓದುತ್ತಿದ್ದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರುತ್ತ, ಉತ್ತರ ಹೇಳುತ್ತಿದ್ದಳು. ಹದಿನೈದು ರೊಟ್ಟಿಗೆ ಪದಬಂಧ ತುಂಬುತ್ತಿತ್ತು (ಬೀಗರು ಬಂದ ವಾರ ಇಪ್ಪತ್ತೈದು ರೊಟ್ಟಿ, ಆಗ ಹಳೆಯ ಪದಬಂಧವನ್ನೂ ತೆಗೆಯುತ್ತಿದ್ದೆವು). ಹೇಗೆ ಹೊಳೆಯಿತು ಎಂದು ನಾನು ಕೇಳಿದವನಲ್ಲ. ಏಳನೇ ಇಯತ್ತೆ ಓದಿದವಳು, ಏನೋ ಬಾಯಿಗೆ ಬಂದದ್ದು ಸರಿಹೋಗುತ್ತದೆ ಎಂದುಕೊಂಡಿದ್ದೆ. ಉತ್ತರ ಕೈಯಲ್ಲಿದ್ದರೆ ಕಾರಣ ಕಟ್ಟುವುದು ನನಗೆ ಸಲೀಸು. ಇಪ್ಪತ್ತು ವರ್ಷ ಗೈಡ್ ಮುಂದಿಟ್ಟುಕೊಂಡು ಪಾಠ ಮಾಡಿದವನು ನಾನು.

ಹೀಗಿರುವಾಗ ಒಂದು ಗುರುವಾರ ನಬಿಸಾಬ, ಸೋಮನಿಂಗ ಇಬ್ಬರೂ ಇಸ್ತ್ರಿಯ ಅಂಗಿ ತೊಟ್ಟು ಬಂದರು. ಓಣಿಯ ವಾಚನಾಲಯದಲ್ಲಿ ಬರುವ ಭಾನುವಾರ ನಾಲ್ಕಕ್ಕೆ ನನಗೆ ಸನ್ಮಾನ. ಅದಕ್ಕೆ ಮುಂಚೆ ಅಂದಿನದೇ ಪದಬಂಧವನ್ನು ಬೋರ್ಡಿನ ಮೇಲೆ ಬಿಡಿಸಿ ವಿವರಿಸಬೇಕು. ಬಾಳಮ್ಮ ಚಹಾ ತಂದಿಟ್ಟಳು. ಸೋಮನಿಂಗ ಮರ್ಯಾದೆಗೆಂದು ಅವಳ ಕಡೆ ತಿರುಗಿ ಕೇಳಿದ.

“ವೈನ್ಯಾರಿಗೂ ಪದಬಂಧ ಬರ್ತೈತೇನ್ರಿ?”

ನಾನು ನಕ್ಕೆ. “ಆಕಿಗೇನ್ ತಿಳೀತೈತೋ? ರೊಟ್ಟಿ ಬಡಿ ಅಂದ್ರ ಬಡೀತಾಳ.”

ಆ ಮಾತು ಯಾಕೆ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ಬಾಳಮ್ಮ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳ ಕೈಚೀಲ ಬಾಗಿಲಲ್ಲಿತ್ತು.

“ಆಲಮೇಲದಾಗಿನ ಅಣ್ಣನ ಮನಿಗೆ ಹೊಂಟೇನಿ. ಕಡಕ್ ರೊಟ್ಟಿ ಬಡಿದಿಟ್ಟೇನಿ, ಎಂಟು ದಿನ ಆಗ್ತಾವ.”

“ಭಾನುವಾರ ಸನ್ಮಾನ ಐತಲ್ಲ?”

“ಸನ್ಮಾನದಾಗ ರೊಟ್ಟಿ ಬಡಿಯೂ ಕೆಲಸ ಏನೈತ್ರಿ?”

ಭಾನುವಾರ ಏಳಕ್ಕೆ ಪೇಪರ್ ಬಂತು. ಹೊಸ್ತಿಲ ಮೇಲೆ ಕೂತೆ. ಎದುರಿಗೆ ತಣ್ಣಗಿನ ಒಲೆ. ಒಂಬತ್ತರವರೆಗೆ ಎರಡು ಮನೆ ತುಂಬಿದೆ, ಆಮೇಲೆ ಅವನ್ನೂ ಅಳಿಸಿದೆ. ಊರಿನೆದುರು ಖಾಲಿ ಬೋರ್ಡಿನ ಮುಂದೆ ನಿಲ್ಲುವುದು ನನ್ನಿಂದಾಗದ ಮಾತು. ಒಂಬತ್ತೂವರೆಯ ಆಲಮೇಲದ ಬಸ್ಸು ಹಿಡಿದೆ.

ಅವಳು ಅಣ್ಣನ ಮನೆಯಲ್ಲೂ ಒಲೆಯ ಮುಂದೆಯೇ ಇದ್ದಳು. ನನ್ನನ್ನು ನೋಡಿದಳು, ಕೈಯಲ್ಲಿದ್ದ ಪೇಪರನ್ನು ನೋಡಿದಳು.

“ಕರಿಯಾಕ ಬಂದೀರೋ, ಕೇಳಾಕ ಬಂದೀರೋ?”

ಎರಡಕ್ಕೂ ಎಂದು ಸುಳ್ಳು ಹೇಳಿದೆ. ಅವಳು ಹಿಟ್ಟು ನಾದುತ್ತ “ಓದ್ರಿ” ಎಂದಳು. ‘ಹಿಂದಕ್ಕೆ ಹರಿದ ನದಿಯಲ್ಲಿ ಒಂದು ಹಗಲು ಹೋಯಿತು’ ಎಂದು ಓದಿದೆ. “ದಿನ” ಎಂದಳು. ಒಂದೊಂದಾಗಿ ಎಲ್ಲ ತುಂಬಿದವು. ಹದಿನಾರನೆಯದು ಮಾತ್ರ ಉಳಿಯಿತು. ‘ಇಬ್ಬರಿಂದ ಶುರು, ಮೊದಲಿಗ ಹೋದರೂ ಸಾರ ಉಳಿಯುತ್ತದೆ.’ ಮೂರು ಮನೆ, ನಡುವೆ ‘ಸಾ’ ಆಗಲೇ ಬಂದಿತ್ತು.

ಅವಳು ರೊಟ್ಟಿಯನ್ನು ತಿರುವುವುದು ಮರೆತು ಯೋಚಿಸಿದಳು. ಅದೊಂದು ರೊಟ್ಟಿ ಕರಿಯಾಯಿತು.

“ಇದು ಬರವಲ್ದು. ಖಾಲಿ ಬಿಡ್ರಿ. ಬರಂಗಿಲ್ಲಂತ ಹೇಳಿದ್ರ ಮಂದಿ ಏನ್ ನುಂಗ್ತಾರೇನು?”

ನಾನು ಹನ್ನೆರಡರ ಬಸ್ಸಿಗೆ ಒಬ್ಬನೇ ಹಿಂತಿರುಗಿದೆ. ಬಾ ಎಂದು ಕರೆಯಬೇಕೆಂದು ಬಾಯಿ ತೆರೆದಿದ್ದೆ. ಆದರೆ ಕರೆಯಬೇಕಾದರೆ ಮೊದಲು ತಪ್ಪಾಯಿತು ಎನ್ನಬೇಕಿತ್ತು, ಬಸ್ಸು ಬೇರೆ ಹಾರ್ನ್ ಹೊಡೆಯುತ್ತಿತ್ತು.

ವಾಚನಾಲಯ ತುಂಬಿತ್ತು. ಮೊದಲೇ ಶಾಲು ಹೊದಿಸಿ, ಕೊರಳಿಗೆ ಹಾರ ಹಾಕಿ ಬೋರ್ಡಿನ ಮುಂದೆ ನಿಲ್ಲಿಸಿದರು. ಒಂದೊಂದು ಉತ್ತರ ಬರೆದು, ಅದರ ಹುಟ್ಟುಮೂಲ ವಿವರಿಸಿದೆ. ಜನ ತಲೆದೂಗಿದರು. ಕೊನೆಗೆ ಹದಿನಾರು ಬಂತು. ಎಲ್ಲ ತುಂಬಿದ ಬೋರ್ಡಿನ ನಡುವೆ ಆ ಎರಡು ಖಾಲಿ ಮನೆ ನನ್ನನ್ನೇ ನೋಡುತ್ತಿದ್ದವು. ಬರುವುದಿಲ್ಲ ಎನ್ನಲು ಮನಸ್ಸಾಗಲಿಲ್ಲ. ‘ಸಾ’ದ ಆಚೆಯೀಚೆ ಅಕ್ಷರ ಸೇರಿಸಿ ‘ಪ್ರಸಾದ’ ಎಂದು ಬರೆದುಬಿಟ್ಟೆ.

ಮಹನೀಯರೆ, ಆ ದಿನದ ನನ್ನ ವಿವರಣೆಯಂಥದ್ದನ್ನು ನಾನು ಮತ್ತೆಂದೂ ಕೊಡಲಾರೆ. ಇಬ್ಬರು ಎಂದರೆ ದೇವರು ಮತ್ತು ಭಕ್ತ. ಅವರಿಬ್ಬರಿದ್ದರೆ ತಾನೆ ನೈವೇದ್ಯ ಶುರು? ಮೊದಲಿಗ ಯಾರು? ದೇವರು. ಅವನು ಸ್ವೀಕರಿಸಿ ಹೋದ ಮೇಲೂ ತಟ್ಟೆಯಲ್ಲಿ ಉಳಿಯುವ ಸಾರವೇ ಪ್ರಸಾದ. ಕಾಲು ಗಂಟೆ ಮಾತಾಡಿದೆ. ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಲ್ಲುವಾಗ ಬಾಗಿಲಲ್ಲಿ ಬಾಳಮ್ಮ ನಿಂತಿದ್ದಳು. ಸೆರಗಿನ ತುಂಬ ಧೂಳು, ಕೈಯಲ್ಲಿ ಚೀಲ. ಆಲಮೇಲದಿಂದ ನಿಂತುಕೊಂಡೇ ಬಂದಿದ್ದಳೆಂದು ಆಮೇಲೆ ತಿಳಿಯಿತು.

“ಹದಿನಾರು ಸಿಕ್ತ್ರಿ,” ಎಂದಳು, ಅಡುಗೆಮನೆಯಲ್ಲಿ ಹೇಳುವ ಹಾಗೆಯೇ. “ಸಂಸಾರ.” ಆಮೇಲೆ ಬೋರ್ಡ್ ನೋಡಿದಳು, ಜನರನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು.

ಸಭೆ ನನ್ನ ಕಡೆ ತಿರುಗಿತು. ಹನ್ನೊಂದು ವರ್ಷದ ಚಾಳಿ, ಏನು ಮಾಡಲಿ? ಉತ್ತರ ಕಿವಿಗೆ ಬಿದ್ದದ್ದೇ ಬಾಯಿ ತಾನಾಗಿ ತೆರೆಯಿತು. “ಹೌದು, ಸಂಸಾರ. ಅದೂ ಸರಿನ. ಯಾಕಂದ್ರ…”

“ತಡೀರಿ ಮಾಸ್ತರ್ರ,” ಎಂದು ನಬಿಸಾಬ ಎದ್ದು ನಿಂತ. “ಈಗ ಪ್ರಸಾದ ಖರೆ ಅಂದ್ರಿ. ಇದೂ ಖರೆ ಅಂತೀರಿ. ಹೇಳಿದಾಕಿನ್ನ ಕೇಳೂನು. ವೈನಿ, ನಿಮಗ ಹೆಂಗ ಹೊಳೀತ್ರಿ?”

ಬಾಳಮ್ಮ ನನ್ನನ್ನು ನೋಡಿದಳು. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಆದರೆ ಚಾಳೀಸಿನ ಹಿಂದಿನ ಕಣ್ಣು ಬಾಗಿಲಲ್ಲಿ ನಿಂತವರಿಗೆ ಕಾಣುವುದಿಲ್ಲ.

“ಮೊದಲಿಗ ಅಂದ್ರ ಮೊದಲನೇ ಅಕ್ಷರ್ರಿ. ಸಂ ತೆಗೀರಿ, ಸಾರ ಉಳೀತೈತಿ. ಗಂಡ ಹೆಂಡ್ತಿ ಇಬ್ಬರಿಂದ ಶುರು ಆಗೂದು ಸಂಸಾರ. ಅಷ್ಟ.”

ನಾನು ಕಾಲು ಗಂಟೆ ತೆಗೆದುಕೊಂಡಿದ್ದೆ. ಅವಳು ಕೈಚೀಲ ಕೆಳಗಿಡುವಷ್ಟರಲ್ಲಿ ಮುಗಿಸಿದಳು. ನಬಿಸಾಬ ಅಲ್ಲಿಗೇ ಬಿಡದೆ ಕಪಿ, ಪಿಕ, ಹೋದ ತಿಂಗಳದು, ಅದರ ಹಿಂದಿನದು ಎಲ್ಲ ಕೇಳಿದ. ಅವಳು ಎಲ್ಲಕ್ಕೂ ಹೇಳಿದಳು. ಸೋಮನಿಂಗ ಲೆಕ್ಕ ತಪ್ಪಿದವನಂತೆ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. ನನಗೆ ನಾಚಿಕೆಯಾಯಿತು. ಆದರೆ ನಿಜ ಹೇಳುತ್ತೇನೆ, ಅದಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಜನರಿದ್ದುದನ್ನು ಮರೆತು ಕೇಳಿದೆ.

“ಇದೆಲ್ಲ ಬಿಡಿಸಿ ಹೇಳಾಕ ಬರ್ತೈತಂತ ನನಗ ಯಾಕ ಹೇಳಲಿಲ್ಲ?”

“ನೀವು ಉತ್ತರ ಕೇಳ್ತಿದ್ರಿ, ಹೇಳ್ತಿದ್ದೆ. ಹೆಂಗ ಅಂತ ಒಂದಿನ ಕೇಳೀರೇನು?”

“ಮತ್ತ ಸಿಟ್ಟಾಗಿ ಹೋದಾಕಿ, ಇಷ್ಟು ದೂರ ಯಾಕ ಬಂದಿ?”

“ಮಂದಿ ಮುಂದ ಖಾಲಿ ಮನಿ ಇಟ್ಕೊಂಡು ನಿಂದರ್ತೀರಂತ ಜೀವ ತಡೀಲಿಲ್ಲ. ನೀವು ಖಾಲಿ ಬಿಡೂ ಮನಶ್ಯಾ ಅಲ್ಲಂತ ಬಸ್ಸಿನ್ಯಾಗ ನೆನಪಾತು. ಅಷ್ಟೊತ್ತಿಗೆ ತಿಕೀಟ ತಗೊಂಡಿದ್ದೆ.”

ನಾನು ಶಾಲು ತೆಗೆದು ಅವಳ ಕಡೆ ಚಾಚಿದೆ. ಇಡೀ ಸಭೆ ನೋಡುತ್ತಿತ್ತು. ಅವಳು ಅದನ್ನು ತೆಗೆದುಕೊಂಡು, ಮಡಿಕೆ ನೇರ ಮಾಡಿ, ಚೀಲದೊಳಗೆ ಇಟ್ಟಳು. ನಬಿಸಾಬ ಅವಳಿಗಾಗಿ ಬೋರ್ಡಿನ ಪಕ್ಕ ಕುರ್ಚಿ ಹಾಕಿ, ಸೀಮೆಸುಣ್ಣ ಅವಳ ಕೈಗೆ ಕೊಟ್ಟ. ನನಗೇನು ಎಂದು ನಾನು ನೋಡುತ್ತಿದ್ದಾಗ ಒರಸುವ ಅರಿವೆ ನನ್ನ ಕೈಗೆ ಬಂತು.

“ಪ್ರಸಾದ ಅಳಸ್ರಿ ಮೊದಲ,” ಎಂದಳು ಬಾಳಮ್ಮ.

ಅಳಿಸಿದೆ.