ಎರಡನೇ ಕಾರಣ

ನೋವು ಅಂದಮೇಲೆ ಅದಕ್ಕೊಂದು ವಿಳಾಸ ಇರಬೇಕು ಎನ್ನುವುದು ಚುಕ್ಕಿರಾಯರ ವಾದ. ಎಲ್ಲೋ ನೋಯುತ್ತದೆ, ಹೇಗೋ ನೋಯುತ್ತದೆ, ಯಾವಾಗಿನಿಂದಲೋ ನೋಯುತ್ತದೆ ಎಂದು ಜನ ಹೇಳಿಕೊಂಡು ತಿರುಗುವುದು, ಡಾಕ್ಟರು ಅದನ್ನು ಹಾಗೆಹಾಗೇ ಗೀಚಿ ಕಳಿಸುವುದು, ಕೊನೆಗೆ ಅದೆಲ್ಲ ರಾಯರ ಮೇಜಿಗೇ ಬಂದು ಬೀಳುವುದು! ಇದು ಯಾವ ನ್ಯಾಯ, ನೀವೇ ಹೇಳಿ.

ರಾಯರ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಆಸ್ಪತ್ರೆಯ ಹಿಂಭಾಗದ ಹಾಲಿನಲ್ಲಿ ಹನ್ನೆರಡು ಜನ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ಡಾಕ್ಟರು ಬರೆದ ಚೀಟಿ ಓದಿ, ಆ ಕಾಯಿಲೆಗೆ ದಪ್ಪ ಪುಸ್ತಕದಲ್ಲಿರುವ ಕೋಡ್ ಹುಡುಕಿ ಹಾಕುವುದು ಅವರ ಕಸುಬು. ರಾಯರದು ವಾತ, ಕೀಲು, ಸ್ನಾಯುಗಳ ವಿಭಾಗ. ಒಂದು ಅಕ್ಷರ, ಎರಡು ಅಂಕಿ, ಆಮೇಲೊಂದು ಚುಕ್ಕಿ. ಚುಕ್ಕಿಯ ಹಿಂದಿರುವುದು ಕಾಯಿಲೆಯ ಊರು ಅಂತಿಟ್ಟುಕೊಳ್ಳಿ, ಮುಂದಿರುವುದು ಬೀದಿ ಮತ್ತು ಮನೆ ನಂಬರು. ("ಚುಕ್ಕಿ ಆದ್ಮೇಲೆ ಏನು?" ಎಂದು ದಿನಕ್ಕೆ ನಲವತ್ತು ಸಲ ಕೇಳಿ ಕೇಳಿ ಈ ಹೆಸರು ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.)

ಆ ದಪ್ಪ ಪುಸ್ತಕದಲ್ಲಿ ರಾಯರ ನಿದ್ದೆಗೆಡಿಸುವ ಕೋಡ್ ಒಂದೇ. ಎಂ ಎಪ್ಪತ್ತೊಂಬತ್ತು, ಚುಕ್ಕಿ, ಸೊನ್ನೆ. 'ವಾತ, ಇಂಥದ್ದೆಂದು ಗೊತ್ತಿಲ್ಲದ್ದು.' ಇದನ್ನು ಹಾಕಿ ಕಳಿಸಿದ ಫೈಲು ತಪಾಸಣೆಯಿಂದ ಗೋಡೆಗೆ ಎಸೆದ ಚೆಂಡಿನ ಹಾಗೆ ವಾಪಸು ಬರುತ್ತದೆ. ಈ ತಿಂಗಳು ರಾಯರಿಗೆ ನಾಲ್ಕು ವಾಪಸು ಬಂದಿದ್ದವು. ಮೇಲ್ವಿಚಾರಕಿ ಮೇಡಂ ಕನ್ನಡಕ ಕೆಳಗಿಳಿಸಿ ಹೇಳಿಬಿಟ್ಟಿದ್ದರು: "ಇನ್ನೊಂದು ಬಂದ್ರೆ ಐದು. ಐದಾದ್ರೆ ನೀವು ಜ್ವರ ನೆಗಡಿ ಮೇಜಿಗೆ."

ಇಪ್ಪತ್ತೆರಡು ವರ್ಷ ಸರ್ವಿಸು! ಜ್ವರ ನೆಗಡಿ ಮೇಜಿನಲ್ಲಿ ಕೂರುವುದು ನಿನ್ನೆ ಮೊನ್ನೆ ಸೇರಿದವರು. ರಾಯರಿಗೆ ಅವತ್ತಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಲು ಅದರ ಪಾಡಿಗೆ ಮೇಜಿನ ಕೆಳಗೆ ಕುಣಿಯುತ್ತಿತ್ತು. ಊಟಕ್ಕೆ ಕೂತರೆ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದರು.

ನಾಲ್ಕೂ ವಾಪಸಿಗೆ ಕಾರಣ ಒಬ್ಬರೇ ಡಾಕ್ಟರು. ಯಾರೇ ಹೋಗಲಿ, ಎಲ್ಲೇ ನೋಯಲಿ, ಅವರು ಬರೆಯುವುದು ಇಷ್ಟೇ: "ಮೈಕೈ ನೋವು. ಮಾತ್ರೆ. ವಿಶ್ರಾಂತಿ." ಹೋಗಲಿ, ಕೇಳೋಣವೆಂದರೆ ಅದಕ್ಕೂ ನಿಯಮ ಅಡ್ಡ. ಕೋಡ್ ಹಾಕುವವರು ಡಾಕ್ಟರ ಬಾಯಿಗೆ ಮಾತು ತುರುಕಬಾರದು. "ಬಲ ಭುಜವೇ?" ಎಂದು ಕೇಳಿದರೆ ತಪ್ಪು, "ದಯವಿಟ್ಟು ವಿವರಿಸಿ" ಎಂದಷ್ಟೇ ಕೇಳಬಹುದು. ರಾಯರು ವಿನಯದ ಮಹಾಪೂರ ಹರಿಸಿ ಅರ್ಧ ಪುಟದ ಪತ್ರ ಬರೆದರು. ಉತ್ತರ ಬಂತು: "ಮೈ ಮತ್ತು ಕೈ."

ಇಂಥ ಸಂಕಟದಲ್ಲಿ ಮನೆಗೆ ಬಂದರೆ ಮನೆಯಲ್ಲೂ ಅದೇ ಕಥೆ.

"ರೀ, ತೋಳು ಜಗ್ಗುತ್ತೆ ರೀ," ಎಂದರು ಹೆಂಡತಿ, ಒದ್ದೆ ಬೆಡ್‌ಶೀಟು ಹಿಂಡುತ್ತಾ.

"ತೋಳು ಅಂದ್ರೆ? ಭುಜವೋ, ಮೊಣಕೈ ಮೇಲೋ, ಕೆಳಗೋ?"

"ಇಲ್ಲೆಲ್ಲ."

"ಇಲ್ಲೆಲ್ಲ ಅಂತ ಪುಸ್ತಕದಲ್ಲಿ ಇಲ್ಲ ಕಣೇ. ಒಳಗೋ ಹೊರಗೋ? ಚುಚ್ಚುತ್ತೋ ಸೆಳೆಯುತ್ತೋ?"

"ಒಂದು ಕೈ ಹಿಡೀರಿ ಅಂತ ಹೇಳಿದ್ದು. ಈ ತುದಿ ಹಿಡ್ಕೊಂಡ್ರೆ ಹಿಂಡ್ತೀನಿ."

"ಹಿಡೀತೀನಿ. ಮೊದಲು ಯಾವ ಕಡೆ ಹೇಳು."

"ಬೇಡ ಬಿಡಿ ಮಹರಾಯರೇ, ನಾನೇ ಹಿಂಡ್ಕೋತೀನಿ."

ಬಟ್ಟೆ ತೊಳೆಯುವ ಮೆಷೀನು ಕೆಟ್ಟು ಮೂರು ತಿಂಗಳಾಗಿತ್ತು. ರಿಪೇರಿಯವನನ್ನು ಕರೆಯುವ ಮುಂಚೆ ಯಾವ ಭಾಗ ಕೆಟ್ಟಿದೆ ಎಂದು ಗೊತ್ತುಮಾಡಿಕೊಳ್ಳಬೇಕು, ಸುಮ್ಮನೆ 'ಕೆಟ್ಟಿದೆ' ಎಂದು ಕರೆಯುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ರಾಯರು ತೀರ್ಮಾನಿಸಿದ್ದರು. ಆ ಸಂಶೋಧನೆ ಇನ್ನೂ ನಡೆಯುತ್ತಿತ್ತು.

ಆದರೆ ಅವತ್ತು ಹಿತ್ತಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ ಓಡಾಡುತ್ತಿದ್ದ ರಾಯರಿಗೆ ಇದ್ದಕ್ಕಿದ್ದಂತೆ ಒಂದು ದಿವ್ಯಾಲೋಚನೆ ಹೊಳೆಯಿತು. ಪತ್ರ ಬರೆದು ಕೇಳಿದರೆ ತಾನೇ ನಿಯಮ ಅಡ್ಡ ಬರುವುದು? ರೋಗಿಯ ಗಂಡನಾಗಿ ಪಕ್ಕದಲ್ಲಿ ಕೂತು ಹೇಳಿದರೆ? ಮೈಕೈ ಡಾಕ್ಟರಿಗೆ ಒಂದು ಸಲ ಸರಿಯಾಗಿ ಬರೆಯುವ ರುಚಿ ಹತ್ತಿಸಿದರೆ ಸಾಕು, ಆಮೇಲೆ ಎಲ್ಲ ಫೈಲುಗಳೂ ಲಕ್ಷಣವಾಗಿ ಬರುತ್ತವೆ.

"ಏಳೇ, ನಾಳೆ ಡಾಕ್ಟ್ರ ಹತ್ರ ಹೋಗೋಣ," ಎಂದರು.

ಹೆಂಡತಿಯ ಕೈಯಿಂದ ಬೆಡ್‌ಶೀಟು ಜಾರಿ ಬಕೆಟ್ಟಿಗೆ ಬಿತ್ತು. "ನೀವಾಗಿ ನೀವೇ? ಹದಿನೆಂಟು ವರ್ಷದಲ್ಲಿ ಇದೇ ಮೊದಲು ಕಣ್ರೀ," ಎಂದರು. ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು. ಮರುದಿನ ಒಳ್ಳೆಯ ಬಟ್ಟೆ ಉಟ್ಟು, ಪಕ್ಕದ ಮನೆಯವರಿಗೆ "ನಮ್ಮನೆಯವರು ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ದಾರೆ" ಎಂದು ಬೇಕೆಂತಲೇ ಜೋರಾಗಿ ಹೇಳಿ ಹೊರಟರು. ರಾಯರಿಗೆ ಎಲ್ಲೋ ಚುಳ್ಳೆಂದಿತು. ಅದು ಯಾವ ಭಾಗವೆಂದು ಅವರು ವಿಚಾರಿಸಲು ಹೋಗಲಿಲ್ಲ.

ದಾರಿಯುದ್ದಕ್ಕೂ ಯಾವ ಕಡೆ, ಎಷ್ಟು ದಿನದಿಂದ ಎಂದು ಕೇಳಿ ತಿಳಿದುಕೊಂಡು, ಡಾಕ್ಟರಿಗೆ ಹೇಗೆ ಹೇಳಬೇಕೆಂದು ಪಾಠ ಹೇಳಿಕೊಟ್ಟರು. ಕೋಣೆಯೊಳಗೆ ಹೋದಮೇಲೆ ಮಾತ್ರ ತಡೆಯಲಾಗಲಿಲ್ಲ.

"ಏನಮ್ಮ ತೊಂದರೆ?" ಎಂದರು ಡಾಕ್ಟರು.

"ಬಲ ಭುಜ, ಮೇಲ್ಭಾಗ, ಆರು ವಾರದಿಂದ, ಪೆಟ್ಟಿಲ್ಲ, ಬಾವಿಲ್ಲ," ಎಂದರು ರಾಯರು.

"ನೋವು ನಿಮಗಾ?"

"ಅಲ್ಲ, ಇವಳಿಗೆ. ಕಡೆ, ಜಾಗ, ಕಾರಣ ಮೂರನ್ನೂ ಬರ್ಕೊಳ್ಳಿ ಡಾಕ್ಟ್ರೇ, ಕೈ ಮುಗೀತೀನಿ. ಇಲ್ದಿದ್ರೆ ಐದನೇ ಫೈಲೂ ವಾಪಸು ಬಂದು ನನ್ನ ಗತಿ—"

ಬಾಯಿ ಮುಚ್ಚುವಷ್ಟರಲ್ಲಿ ಹೊತ್ತು ಮೀರಿತ್ತು. ಹೆಂಡತಿ ನಿಧಾನವಾಗಿ ಇವರ ಕಡೆ ತಿರುಗಿದರು.

"ಅಂದ್ರೆ ನನ್ನ ಕರ್ಕೊಂಡು ಬಂದಿದ್ದು ನಿಮ್ಮ ಫೈಲಿಗೋಸ್ಕರನಾ?"

"ಹಾಗಲ್ಲ ಕಣೇ, ಎರಡಕ್ಕೂ..."

"ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ," ಎಂದರು ಡಾಕ್ಟರು.

ಹೊರಗೆ ಬೆಂಚಿತ್ತು, ಆದರೆ ಕೂರುವವರು ಯಾರು? ರಾಯರು ಗೋಡೆಯ ಮೇಲಿನ ಸ್ನಾಯುಗಳ ಚಿತ್ರವನ್ನು ಮೂರು ಸಲ ಓದಿದರು, ತೂಕದ ಯಂತ್ರದ ಮೇಲೆ ನಾಲ್ಕು ಸಲ ಹತ್ತಿ ಇಳಿದರು. ಒಳಗಿನಿಂದ ಹೆಂಡತಿಯ ದನಿ ಒಂದೇ ಸಮನೆ ಕೇಳುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಆಕೆ ಹೊರಬಂದರು.

"ಏನಂದ್ರು? ಏನು ಬರೆದ್ರು?"

"ಕೇಳಿದ್ರು, ಹೇಳ್ದೆ," ಎಂದು ಹೆಂಡತಿ ಬಿರಬಿರನೆ ಮುಂದೆ ನಡೆದರು.

ಮರುದಿನ ಫೈಲು ಬಂತು. ಫೈಲಿನಲ್ಲಿ ಹೆಸರಿರುವುದಿಲ್ಲ, ನಂಬರು ಮತ್ತು ವಯಸ್ಸು ಮಾತ್ರ. ಆದರೂ ತಾರೀಕು, ಹೊತ್ತು ನೋಡಿದರೆ ಯಾರದೆಂದು ರಾಯರಿಗೆ ತಿಳಿಯದೇ? ಮನೆಯವರ ಫೈಲನ್ನು ಮುಟ್ಟಬಾರದು, ಬೇರೆಯವರಿಗೆ ಕೊಡಬೇಕು ಎನ್ನುವುದು ಕಟ್ಟುನಿಟ್ಟಿನ ನಿಯಮ. ಆದರೆ ಮೈಕೈ ಡಾಕ್ಟರು ಒಂದು ಪೂರ್ತಿ ಪುಟ ಬರೆದಿದ್ದರು! ಬಲ ಭುಜದ ಮೇಲಿನ ಸ್ನಾಯುರಜ್ಜುವಿನ ಉರಿಯೂತ, ಕೈ ಕಿವಿಗಿಂತ ಮೇಲೆತ್ತಿದರೆ ನೋವು, ಹದಿನೈದು ದಿನ ಹಿಂಡುವ, ಎತ್ತುವ ಕೆಲಸ ಕೂಡದು. ರಾಯರಿಗೆ ಎದ್ದು ಕುಣಿಯಬೇಕೆನಿಸಿತು. ಇಂಥ ಚಿನ್ನದಂಥ ಫೈಲನ್ನು ಬೇರೆಯವರ ಕೈಗೆ ಕೊಡುವುದುಂಟೇ?

ಕೆಳಗೆ ಓದಿದರು. "ಮೊದಲನೇ ಕಾರಣ: ದಿನವೂ ಒದ್ದೆ ಬಟ್ಟೆ ಕೈಯಲ್ಲಿ ಹಿಂಡುವುದು." ಭೇಷ್. "ಎರಡನೇ ಕಾರಣ: ಗಂಡನೊಂದಿಗಿನ ಸಂಬಂಧದಲ್ಲಿ ತೊಂದರೆ. ನೋವು ಹೇಳಿಕೊಂಡರೆ ಪ್ರಶ್ನೆ ಕೇಳುತ್ತಾರೆ, ಕೈಜೋಡಿಸುವುದಿಲ್ಲ. ಬಹುಕಾಲದ್ದು."

ಇದಕ್ಕೂ ಪುಸ್ತಕದಲ್ಲಿ ಕೋಡ್ ಇದೆ. ಝಡ್ ಅರವತ್ತಮೂರು, ಚುಕ್ಕಿ, ಸೊನ್ನೆ. ಅದನ್ನು ಊರಿನವರ ಫೈಲಿಗೆಲ್ಲ ಹಾಕಿ ಬಲ್ಲ ರಾಯರ ಬೆರಳು ಇವತ್ತು ಕೀಲಿಯ ಮೇಲೆ ಇಳಿಯಲೊಲ್ಲದು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಭುಜದ ಕೋಡ್ ಹಾಕಿದರು, ಹಿಂಡುವುದರ ಕೋಡ್ ಹಾಕಿದರು, ಗಂಡನನ್ನು ಬಿಟ್ಟು ಕಳಿಸಿಬಿಟ್ಟರು.

ಸಂಜೆಯೊಳಗೆ ಮೇಡಂ ಕರೆಸಿದರು.

"ಇಷ್ಟು ಚೆನ್ನಾಗಿ ಬರೆದಿದ್ದಾರೆ, ನೀವು ಎರಡನೇ ಕಾರಣ ನುಂಗಿಬಿಟ್ಟಿದ್ದೀರಲ್ಲ?"

"ಅದು... ಯಾರದೋ ಮನೆ ವಿಷಯ, ಮೇಡಂ."

"ಡಾಕ್ಟ್ರು ಬರೆದ ಮೇಲೆ ಎಂಥ ಮನೆ ವಿಷಯ? ಬರೆದಿದ್ದನ್ನೆಲ್ಲ ಹಾಕ್ಬೇಕು, ಬರೆಯದ್ದನ್ನ ಹಾಕ್ಬಾರದು. ಪಾಪ, ಆ ಹೆಂಗಸು. ಎಂಥ ಗಂಡನೋ ಏನೋ!"

"ಅಷ್ಟೇನೂ ಕೆಟ್ಟವನಿರಲಿಕ್ಕಿಲ್ಲ, ಮೇಡಂ."

"ಊಹೆ ಮಾಡಬಾರದು ಅಂತ ಹೊಸಬರಿಗೆ ಹೇಳಿಕೊಡೋರು ನೀವೇ. ಕೂತ್ಕೊಳ್ಳಿ, ಹಾಕಿ."

ಹೀಗೆ ಚುಕ್ಕಿರಾಯರು ಮೇಡಂ ಎದುರಿಗೇ, ತಮ್ಮ ಕೈಯಾರೆ, ತಮ್ಮನ್ನು ತಾವೇ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಯಾರ ಫೈಲೆಂದು ಹೇಳುವಂತಿಲ್ಲ, ಹೇಳಿದರೆ ಜ್ವರದ ಮೇಜೂ ಸಿಗದು. ಆದರೂ ಗೋಗರೆದರು: ಗಂಡ ಹೆಂಡಿರ ಜಗಳ, ಇವತ್ತಿರುತ್ತದೆ ನಾಳೆ ಹೋಗುತ್ತದೆ, ಇದಕ್ಕಾಗಿ ನನ್ನ ಲೆಕ್ಕದಲ್ಲಿ ಐದನೆಯದೆಂದು ಬರೆಯಬೇಡಿ ಎಂದರು. ಮೇಡಂ ಕನಿಕರದವರು. "ಹದಿನೈದು ದಿನಕ್ಕೆ ಆಕೆ ಮರುಪರೀಕ್ಷೆಗೆ ಬರ್ತಾಳೆ. ಎರಡನೇ ಕಾರಣ ವಾಸಿ ಆಗಿದೆ ಅಂತ ಡಾಕ್ಟ್ರು ಬರೆದ್ರೆ ಈ ವಾಪಸು ಹೊಡೆದುಹಾಕ್ತೀನಿ. ಇಲ್ಲಾಂದ್ರೆ ಮಾರನೇ ದಿನದಿಂದ ಜಾಗ ಬದಲಾಯಿಸಿ," ಎಂದರು.

ರಾಯರು ಮೊದಲು ಡಾಕ್ಟರಿಗೆ ಫೋನ್ ಮಾಡಿ ಜ್ವರದ ಮೇಜಿನ ಕಥೆಯೆಲ್ಲ ಹೇಳಿಕೊಂಡರು. "ನನ್ನ ಬಾಯಿಗೆ ಮಾತು ತುರುಕಬಾರದು ಅಂತ ನಿಮ್ಮಲ್ಲಿ ನಿಯಮ ಇದೆ ಅಲ್ವಾ ಸ್ವಾಮಿ?" ಎಂದು ಡಾಕ್ಟರು ಫೋನಿಟ್ಟರು. ಆಮೇಲೆ ರಾಯರು ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಕಕ್ಕಿದರು. ಆಕೆ ಪೂರ್ತಿ ಕೇಳಿ, ಬಕೆಟ್ಟನ್ನು ಇವರ ಮುಂದೆ ತಳ್ಳಿ, "ವಾಸಿ ಆಗುತ್ತೋ ಇಲ್ವೋ ನೋಡೋಣ," ಎಂದರು.

ರಿಪೇರಿಯವನಿಗೆ ಆ ಕ್ಷಣವೇ ಫೋನ್ ಹೋಯಿತು. ಏನು ಕೆಟ್ಟಿದೆ ಎಂದು ಅವನು ಕೇಳಿದ್ದಕ್ಕೆ ರಾಯರು "ಕೆಟ್ಟಿದೆಯಪ್ಪಾ, ಬಾ!" ಎಂದು ಅರಚಿದರು. ಬಂದು ನೋಡಿ, ಸಾಮಾನು ಬರಲು ಮೂರು ವಾರ ಎಂದು ಹೇಳಿ ಹೋದ.

ಅಂತೂ ಹದಿನೈದು ದಿನ ರಾಯರು ತೊಳೆದರು, ಹಿಂಡಿದರು, ಹರವಿದರು, ಪಾತ್ರೆ ಉಜ್ಜಿದರು. ಮೊದಲ ದಿನ ಬೆಡ್‌ಶೀಟು ಹಿಂಡಿದ್ದು ನೋಡಿ ಹೆಂಡತಿ, "ಅದನ್ನ ಹಿಂಡ್ತಿದ್ದೀರೋ ಸಮಾಧಾನ ಮಾಡ್ತಿದ್ದೀರೋ?" ಎಂದು ಕೇಳಿದರು. ಐದನೇ ದಿನ ದಪ್ಪ ಹೊದಿಕೆ ತಿರುಚುವಾಗ ಭುಜದಲ್ಲಿ ಕಳಕ್ಕೆಂದಿತು. ರಾಯರು ಹೊದಿಕೆ ಬಿಟ್ಟರು. ಒದ್ದೆ ಕೈಯಲ್ಲೇ ಅಡಿಗೆಮನೆಗೆ ಹೋಗಿ, ತಮ್ಮ ಭುಜದ ಮೇಲೆ ಬೆರಳಿಟ್ಟು, "ಇಲ್ಲೇ ಅಲ್ವೇನೇ ನಿನಗೆ?" ಎಂದರು.

"ಹೂಂ. ಅಲ್ಲೇ."

"ತುಂಬ ನೋಯುತ್ತೆ ಕಣೇ ಇದು."

"ಅದನ್ನೇ ಆರು ವಾರದಿಂದ ಹೇಳ್ತಿದ್ದೆ."

ರಾಯರಿಗೆ ನಾಚಿಕೆಯಾಯಿತು. ಮುಂದಕ್ಕೆ ಪ್ರಶ್ನೆ ಕೇಳಲಿಲ್ಲ, ಹೋಗಿ ಉಳಿದ ಬಟ್ಟೆ ಹಿಂಡಿದರು. ಅವತ್ತಿನಿಂದ ಆಕೆ ಬಾಯಿ ತೆರೆಯುವ ಮುಂಚೆಯೇ ಎದ್ದು ಕೆಲಸಕ್ಕೆ ಕೈಹಾಕುತ್ತಿದ್ದರು. ಹೆಂಡತಿಯ ಮುಖ ದಿನದಿಂದ ದಿನಕ್ಕೆ ತಿಳಿಯಾಯಿತು. ಮರುಪರೀಕ್ಷೆಯ ಹಿಂದಿನ ಸಂಜೆ ಇವರ ಬೆನ್ನಿಗೆ ಎಣ್ಣೆ ಕೂಡ ತಿಕ್ಕಿದರು. ಇನ್ನೇನು, ಗೆದ್ದಂತೆಯೇ ಎಂದುಕೊಂಡರು ರಾಯರು.

ಈ ಸಲ ಅವರು ತಾವಾಗಿಯೇ ಹೊರಗಿನ ಬೆಂಚಿನ ಮೇಲೆ ಕೂತರು. ಬಾಗಿಲು ಓರೆಯಾಗಿತ್ತು, ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಭುಜ ಹೇಗಿದೆಯಮ್ಮ?"

"ಮುಕ್ಕಾಲು ಪಾಲು ಹೋಗಿದೆ ಡಾಕ್ಟ್ರೇ. ಕೈ ಮೇಲೆತ್ತೋಕೆ ಆಗುತ್ತೆ."

"ಎರಡನೇದು?"

"ಅದು ಹೊರಗಡೆ ಬೆಂಚಿನ ಮೇಲೆ ಕೂತಿದೆ. ಎಷ್ಟೋ ಪರವಾಗಿಲ್ಲ. ಹೇಳದೇನೇ ಕೆಲ್ಸ ಮಾಡುತ್ತೆ."

"ಹಾಗಾದ್ರೆ ವಾಸಿ ಆಗಿದೆ ಅಂತ ಬರೀಲಾ?"

ರಾಯರು ಬೆಂಚಿನಿಂದ ಎದ್ದು ನಿಂತರು.

"ಅಯ್ಯೋ, ಬೇಡಿ ಡಾಕ್ಟ್ರೇ!" ಎಂದಿತು ಹೆಂಡತಿಯ ದನಿ. "ಹದಿನೆಂಟು ವರ್ಷದ ಕಾಯಿಲೆ ಹದಿನೈದು ದಿನಕ್ಕೆ ಹೋಗುತ್ತಾ? ಔಷಧಿ ಈಗ ತಾನೇ ಹಿಡೀತಿದೆ. ಇನ್ನೂ ಇದೆ ಅಂತಾನೇ ಬರೀರಿ."

"ಅವರನ್ನ ಜ್ವರದ ಮೇಜಿಗೆ ಹಾಕ್ತಾರಂತಲ್ಲಮ್ಮ, ಪಾಪ."

"ಹಾಕ್ಲಿ ಬಿಡಿ. ಅಲ್ಲಿ ನಾಲ್ಕು ಗಂಟೆಗೇ ಕೆಲ್ಸ ಮುಗಿಯುತ್ತಂತೆ. ಬಂದು ಬಟ್ಟೆ ಹಿಂಡಿ ಹರವೋ ಹೊತ್ತಿಗೆ ಇನ್ನೂ ಬಿಸಿಲಿರುತ್ತೆ."